ಪ್ಯಾರಿಸ್ಸಿನ ಪ್ರಬಂಧದಲ್ಲಿ ದೇವನಕೊಂಡದ ಕಡೆಯ ಬಾವಿ

ಡಿಗ್ರಿ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುವ ಲೆಕ್ಚರರ್ ಆ ಕಾಗದದ ಕಟ್ಟನ್ನು ನಮ್ಮ ಮನೆಗೆ ತಂದದ್ದು ಬಿಳಿ ಟವೆಲಿನಲ್ಲಿ ಸುತ್ತಿಕೊಂಡು. ಹತ್ತಿಯ ಕಾಲದಲ್ಲಿ ಆಂಧ್ರದ ಗಡಿಯ ನಮ್ಮ ಆದೋನಿಯ ಗಾಳಿಯಲ್ಲಿ ಸಣ್ಣ ಎಳೆಗಳು ಹಾರಾಡುತ್ತಿರುತ್ತವೆ. ಬಾಗಿಲ ಪರದೆಗೆ, ತಲೆಗೂದಲಿಗೆ, ಹಾಲಿನ ಕೆನೆಗೆ, ಎಲ್ಲಕ್ಕೂ ಅಂಟುತ್ತವೆ. ಕಾಗದಕ್ಕೂ ಅಂಟೀತೆಂದು ಅವರಿಗೆ ಅಂಜಿಕೆ. ಟವೆಲ್ ಬಿಚ್ಚಿ, ಕಟ್ಟನ್ನು ಮೇಜಿನ ಮೇಲಿಟ್ಟು, ಟವೆಲನ್ನು ಮತ್ತೆ ನಾಲ್ಕು ಮಡಿಕೆ ಮಾಡಿದರು.

"ಇಂಗ್ಲಿಷಿನವು ನಾ ನೋಡ್ಕೊಂತೀನ್ರಿ ಅಮ್ಮ. ಇವು ಪೂರಾ ಫ್ರೆಂಚ್ ಅದಾವ. ಇವಕ್ಕ ನೀವೇ ಗತಿ."

ನನ್ನ ಫ್ರೆಂಚ್ ಕಾನ್ವೆಂಟಿನದು. ಹಾಸ್ಟೆಲಿನಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರು ಸಂಜೆ ಹೊತ್ತು ಗುಲಾಬಿ ಗಿಡಕ್ಕೆ ನೀರು ಹಾಕುತ್ತ ಕಲಿಸಿದ್ದು. ಮದುವೆಯಾದ ಮೇಲೆ ಅದನ್ನು ಮರೆಯದಿರಲೆಂದು ಒಂದು ಹಳೆಯ ನಿಘಂಟನ್ನು ಮಸಾಲೆ ಡಬ್ಬಿಗಳ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಅದು ಇಂಥ ಕೆಲಸಕ್ಕೆ ಬಂದೀತೆಂದು ಎಣಿಸಿರಲಿಲ್ಲ.

ಕೆಲಸ ಹೀಗಿತ್ತು. ಪ್ಯಾರಿಸ್ಸಿನ ಒಂದು ಹೆಸರಾಂತ ವಿದ್ಯಾಸಂಸ್ಥೆಯ ವಿಜ್ಞಾನಿಗಳು ಹಲವು ವರ್ಷಗಳಿಂದ ನಮ್ಮ ಜಿಲ್ಲೆಯ ಕಲ್ಲುನೆಲದಲ್ಲಿ ಮಳೆಯ ನೀರು ಎಲ್ಲಿ ಇಳಿಯುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂದು ಅಳೆಯುತ್ತಿದ್ದರು. ಬರೆದದ್ದನ್ನೆಲ್ಲ, ಪ್ರಬಂಧ, ವರದಿ, ಪಿಎಚ್.ಡಿ.ಯ ದಪ್ಪ ಹೊತ್ತಿಗೆ ಸಮೇತ, ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ಓದುವಂತೆ ಇಟ್ಟಿದ್ದರು. ಆದರೆ ಯಾರ ಬಾವಿಗಳನ್ನು ಅಳೆದರೋ ಅವರು ಓದುವಂತಿರಲಿಲ್ಲ. ತಂಡದ ಹಿರಿಯ ವಿಜ್ಞಾನಿ ಒಬ್ಬ ಹೆಂಗಸು. ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಪ್ಯಾರಿಸ್ ಮೇಡಂ. ಬೇಸಿಗೆಗೆ ಮುಂಚೆ ತಾನು ಬರುತ್ತೇನೆ, ಅಷ್ಟರೊಳಗೆ ಎಲ್ಲದರ ಸಾರವನ್ನು ಜನರ ಮಾತಿನಲ್ಲಿ ಬರೆದು, ದೇವನಕೊಂಡದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಓದಿ ಹೇಳಬೇಕು ಎಂದು ಆಕೆ ಕೇಳಿಕೊಂಡಿದ್ದರು. ತೆಲುಗಿನದನ್ನು ಬೇರೊಬ್ಬರು ಒಪ್ಪಿಕೊಂಡಿದ್ದರು. ಕನ್ನಡ ನನ್ನ ಪಾಲಿಗೆ ಬಂತು.

ನಾನು ಒಂದು ಪದ್ಧತಿ ಮಾಡಿಕೊಂಡೆ. ಮೊದಲ ಸಲ ಪೆನ್ಸಿಲ್ ಹಿಡಿಯದೆ ಓದುವುದು. ಎರಡನೆಯ ಸಲ ಗೆರೆ ಎಳೆಯುತ್ತ ಓದುವುದು. ಆಮೇಲೆ ಕಾಗದ ಮುಚ್ಚಿಟ್ಟು, ಅಡುಗೆಮನೆಯಲ್ಲಿ ಹುಣಸೆಹಣ್ಣಿನ ನಾರು ತೆಗೆಯುತ್ತ ಕೂತಿರುವ ನಮ್ಮ ಅತ್ತೆಗೆ ಬಾಯಿಮಾತಿನಲ್ಲಿ ಹೇಳುವುದು. ಅವರ ಕೈ ನಾರು ತೆಗೆಯುವುದನ್ನು ನಿಲ್ಲಿಸಿ ಹುಬ್ಬು ಮೇಲೆ ಹೋಯಿತೆಂದರೆ ನಾನು ಹೇಳಿದ್ದು ತಲುಪಿಲ್ಲವೆಂದು ಲೆಕ್ಕ. ಮತ್ತೆ ಮೊದಲಿಂದ.

"ಮ್ಯಾಲ ಮೊರಂ ಮಣ್ಣು. ಕೆಳಗ ಸೀಳು ಬಿಟ್ಟ ಕಲ್ಲು. ಅದರ ಕೆಳಗ ಗಟ್ಟಿ ಬಂಡಿಗಲ್ಲು. ನೀರು ಇರೋದು ಆ ಸೀಳಿನಾಗ, ಅತ್ತಿ. ಬಾಳ ಆಳಕ್ಕ ಕೊರದ್ರ ಸಿಗಂಗಿಲ್ಲ."

"ಇದನ್ನ ತಿಳ್ಕಣಾಕ ಅಷ್ಟು ದೂರದಿಂದ ಬಂದ್ರಾ?"

"ಎಷ್ಟು ಸೀಳು, ಎಷ್ಟು ನೀರು, ಒಂದು ಮಳಿ ಬಂದ್ರ ಎಷ್ಟು ದಿನಕ್ಕ ಬಾವಿ ಮುಟ್ಟತೈತಿ, ಅದನ್ನ ಅಳದಾರ."

ಅತ್ತೆಯ ಕೈ ಮತ್ತೆ ನಾರಿಗೆ ಹೋಯಿತು. ಹಾಗಾದರೆ ಸರಿ.

ಓದುತ್ತ ಹೋದಂತೆ ನನಗೆ ಆ ಜನರ ಮೇಲೆ ಒಂದು ಬಗೆಯ ಪ್ರೀತಿ ಹುಟ್ಟಿತು. ತಮಗೆ ಗೊತ್ತಾದದ್ದನ್ನು ಹೇಳುವಾಗ ಅದು ಎಷ್ಟರಮಟ್ಟಿಗೆ ಗೊತ್ತು ಎಂಬುದನ್ನೂ ಜೊತೆಗೇ ಹೇಳುತ್ತಿದ್ದರು. ಒಂದು ವರದಿಯಂತೂ ಇಡಿಯಾಗಿ ಕೆಟ್ಟುಹೋದ ಪ್ರಯೋಗದ ಬಗ್ಗೆಯೇ. ಉಪಕರಣ ಎಲ್ಲಿ ಸಿಕ್ಕಿಹಾಕಿಕೊಂಡಿತು, ಮುಂದೆ ಬರುವವರು ಯಾವ ತಪ್ಪು ಮಾಡಬಾರದು, ಎಲ್ಲ ಬರೆದಿದ್ದರು. ನಮ್ಮಲ್ಲಿ ಉಕ್ಕಿಹೋದ ಹಾಲನ್ನು ಸೆರಗಿನಿಂದ ಒರೆಸಿ ಯಾರಿಗೂ ಹೇಳದಿರುವವರೇ ಹೆಚ್ಚು. ಇವರು ಉಕ್ಕಿದ ಹಾಲಿನ ಲೆಕ್ಕವನ್ನೂ ಪ್ರಕಟಿಸುತ್ತಿದ್ದರು. ಕೊನೆಯ ಪುಟದಲ್ಲಿ ವಂದನೆ ಹೇಳುವಾಗ ಜೀಪಿನ ಡ್ರೈವರನ್ನು ಬಿಟ್ಟಿರಲಿಲ್ಲ, ಮಧ್ಯಾಹ್ನ ಮಂಡಕ್ಕಿ ಒಗ್ಗರಣೆ-ಮಿರ್ಚಿ ಮಾಡಿಕೊಟ್ಟ ಹೋಟೆಲಿನವರನ್ನೂ ಬಿಟ್ಟಿರಲಿಲ್ಲ.

ಅರ್ಧ ಕಟ್ಟು ಮುಗಿದ ಮೇಲೆ ಲೆಕ್ಚರರ್ ಜೊತೆ ಆ ಹಳ್ಳಿಗೆ ಹೋಗಿಬಂದೆ. ನೋಡದ ಬಾವಿಯ ಬಗ್ಗೆ ಹೇಗೆ ಬರೆಯುವುದು?

ಊರ ಅಂಚಿನಲ್ಲಿ ಕಲ್ಲು ಕಟ್ಟಿದ ಹಳೆಯ ಸೇದುವ ಬಾವಿ. ಅದರ ಪಕ್ಕದ ಮನೆಯ ಹೆಂಗಸು ವರ್ಷಗಳಿಂದ ಪ್ರತಿ ಮುಂಜಾನೆ ಅದರ ನೀರಿನ ಮಟ್ಟ ಅಳೆದು ಫೋನಿನಲ್ಲಿ ಕಳಿಸುತ್ತಿದ್ದಳು. ಉಳಿದ ಬಾವಿಗಳನ್ನು ವಾರಕ್ಕೊಮ್ಮೆ ಯಾರೋ ಬಂದು ನೋಡುತ್ತಿದ್ದರು. ದಿನಾ ನೋಡುವ ಬಾವಿ ಇದೊಂದೇ. ಆಕೆ ನನಗೆ ತೋರಿಸಿದಳು: ಗಾಲಿಗೆ ಸುತ್ತಿದ ಉದ್ದನೆಯ ಟೇಪು, ತುದಿಯಲ್ಲಿ ಲೋಹದ ಗುಂಡು. ಗುಂಡು ನೀರಿಗೆ ತಾಕಿದ ಕೂಡಲೇ ಗಾಲಿಯಲ್ಲಿ ಕೀಂ ಎಂದು ಸದ್ದು. ಅಲ್ಲಿಗೆ ನಿಲ್ಲಿಸಿ, ಬಾವಿಯ ಕಟ್ಟೆಯ ಮೇಲೆ ಬಳಿದ ಕೆಂಪು ಗುರುತಿಗೆ ಟೇಪಿನ ಯಾವ ಅಂಕಿ ಬಂತೆಂದು ನೋಡಬೇಕು. ಆಕೆ ಒಮ್ಮೆ ನೋಡಿ, ಮೇಲಕ್ಕೆಳೆದು, ಮತ್ತೊಮ್ಮೆ ಬಿಟ್ಟು ನೋಡಿದಳು. ಎರಡೂ ಸಲ ಒಂದೇ ಬಂದರೆ ಮಾತ್ರ ಬರೆಯುವುದಂತೆ. ಟೇಪನ್ನು ಸುತ್ತುವಾಗ ಪ್ರತಿ ಸುತ್ತಿಗೂ ಒಣಬಟ್ಟೆಯಿಂದ ಒರೆಸುತ್ತಿದ್ದಳು.

ಎದುರುಮನೆಯ ಮುದುಕಿ ಜಗಲಿಯ ಮೇಲಿಂದಲೇ ಕೂಗಿತು. "ನೋಡ್ರವ್ವ ನೋಡ್ರಿ! ದಿನಾ ಮುಂಜಾಲೆ ಎದ್ದು ಬಾವಿಗಿ ಇಣುಕತಾಳ. ಗಂಗಮ್ಮ ಏನ್ ಬೀಗತಿ ಆಗ್ಯಾಳೇನಾ ಈಕಿಗಿ?"

"ಆಗ್ಯಾಳ ಬಿಡು ಅತ್ತಿ! ನಿನಗಿಂತ ಚಲೋ ಬೀಗತಿ. ಮಾತಾಡಂಗಿಲ್ಲ!" ಎಂದು ಈಕೆ ನಕ್ಕಳು. ಆದರೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು. "ಅಕ್ಕಾರ, ಒಂದು ಮಾತು. ಆ ಪುಸ್ತಕದಾಗ ನನ್ನ ಹೆಸರು ಐತ್ರೇನು? ಮೇಡಂ ಹಾಕ್ತೀನಿ ಅಂದಿದ್ರು. ಇದ್ರ ಸಭೆದಾಗ ಎಲ್ಲರ ಮುಂದ ಓದ್ರಿ. ಇವರು ಬಾವಿಹುಚ್ಚಿ ಅಂತಾರ ನನಗ. ಒಮ್ಮಿ ಕೇಳಲಿ."

ಹುಡುಕಿ ಹೇಳುತ್ತೇನೆಂದು ಬಂದೆ. ಹುಡುಕಬೇಕಾಗಲಿಲ್ಲ. ಕಟ್ಟಿನ ಕೊನೆಯಲ್ಲಿ, ಮೇಡಂ ತಾವೇ ಬರೆದ ಇತ್ತೀಚಿನ ಪುಟ್ಟ ಪ್ರಬಂಧದಲ್ಲಿ ಮೊದಲ ಪುಟದಲ್ಲೇ ಆಕೆಯ ಹೆಸರು ಪೂರ್ತಿಯಾಗಿ ಇತ್ತು. ಮನೆತನದ ಹೆಸರು ಮುಂದೆ, ಆಕೆಯದು ಹಿಂದೆ. ಫೋನ್ ಮಾಡಿ ಹೇಳಿದೆ. ಆ ಕಡೆ ಕೋಳಿಗಳನ್ನು ದೂರ ಅಟ್ಟಿದ ಸದ್ದು ಕೇಳಿತು. "ಇಂಗ್ಲಿಷಿನಾಗ ಐತ್ರಾ?" "ಫ್ರೆಂಚಿನಾಗ." "ಅಬ್ಬಾ! ಹಂಗಾರ ಇನ್ನೂ ದೊಡ್ಡದು," ಅಂದಳು.

ಆ ಪ್ರಬಂಧದ ವಿಷಯ ಓದಿ ನನಗೂ ಮೈ ಜುಂ ಎಂದಿತು. ಆ ಬಾವಿಯ ನೀರು ಬೇಸಿಗೆಯಲ್ಲಿ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಆದರೆ ಪ್ರತಿ ಚಾಂದ್ರಮಾನ ತಿಂಗಳಲ್ಲಿ ಒಂದು ದಿನ, ಅಮವಾಸ್ಯೆಯಂದು, ಇಳಿಯದೆ ನಿಂತುಬಿಡುತ್ತದೆ, ಮರುದಿನ ಎರಡು ದಿನದಷ್ಟು ಒಟ್ಟಿಗೇ ಇಳಿಯುತ್ತದೆ. ನಕ್ಷೆಯ ಗೆರೆಯಲ್ಲಿ ಅದು ಪುಟ್ಟ ಮೆಟ್ಟಿಲಿನ ಹಾಗೆ ಕಾಣುತ್ತಿತ್ತು. ಸಮುದ್ರವನ್ನು ಎಳೆಯುವ ಚಂದ್ರ ಕಲ್ಲಿನ ಸೀಳುಗಳನ್ನೂ ಕೂದಲೆಳೆಯಷ್ಟು ಎಳೆಯುತ್ತಾನೆ, ಅದರ ಗುರುತು ಇದಿರಬಹುದೇ ಎಂದು ಮೇಡಂ ಕೇಳಿದ್ದರು. ಹೌದೆಂದು ಬರೆದಿರಲಿಲ್ಲ. ಚಂದ್ರನ ಸೆಳೆತವಾದರೆ ಹುಣ್ಣಿಮೆಗೂ ಕಾಣಬೇಕು, ಅಮವಾಸ್ಯೆಗೆ ಮಾತ್ರ ಯಾಕೆ ಎಂಬುದು ತಮಗೆ ತಿಳಿದಿಲ್ಲ ಎಂದು ಒಪ್ಪಿಕೊಂಡಿದ್ದರು. ಆದರೂ ಆ ಪುಟಗಳಲ್ಲಿ ಒಂದು ಸಂತೋಷ ಇತ್ತು. ಎಳೆಗೂಸಿನ ಮೊದಲ ಹಲ್ಲು ಕಂಡವರ ಸಂತೋಷ. ಸಭೆಯಲ್ಲಿ ಎಲ್ಲದಕ್ಕಿಂತ ಮೊದಲು ಇದನ್ನೇ ಓದಬೇಕೆಂದು ಲೆಕ್ಚರರಿಗೂ ಹೇಳಿಕಳಿಸಿದ್ದರು.

"ಚಂದ್ರ ಬಾವಿ ನೀರು ಎಳಿತಾನಂತ್ರಿ, ಅತ್ತಿ. ಅಮಾಸಿಗಿ."

"ಹುಣ್ಣಿಮಿಗಿ ಏನ್ ಅವನಿಗಿ ರಜಾನ?" ಅಂದರು ಅತ್ತೆ. ಇಬ್ಬರೂ ನಕ್ಕೆವು. ನಾನು ತರ್ಜುಮೆ ಮುಂದುವರಿಸಿದೆ.

ಕರಡು ಮುಗಿದಾಗ, ಸಭೆಗೆ ಮೊದಲು ಒಮ್ಮೆ ಊರವರಲ್ಲಿ ನಾಲ್ಕು ಜನಕ್ಕೆ ಓದಿ ನೋಡಬೇಕೆನಿಸಿತು. ಅಮವಾಸ್ಯೆಯ ದಿನ ಹತ್ತಿ ಮಾರುಕಟ್ಟೆಗೆ ರಜೆ. ಹತ್ತಿ ವ್ಯಾಪಾರ ಮಾಡುವ ನಮ್ಮವರು ಕಾರು ಬಿಟ್ಟುಕೊಟ್ಟರು. ಅತ್ತೆ ಮಾತ್ರ ಬಾಗಿಲಲ್ಲಿ ನಿಂತು ಗೊಣಗಿದರು. "ಅಮಾಸಿ ದಿನ ಹೊಸ ಕೆಲಸಕ್ಕ ಹೊಂಟಾಳ. ಕಾನ್ವೆಂಟಿನಾಗ ಅಮಾಸಿನೇ ಇರಂಗಿಲ್ಲ ಕಾಣತೈತಿ." ನಾನು ನಗುತ್ತ ಚಪ್ಪಲಿ ಮೆಟ್ಟಿದೆ.

ಆಸ್ಪರಿ ದಾಟಿ ಆ ಊರು ಮುಟ್ಟಿದಾಗ ಬಿಸಿಲು ಇನ್ನೂ ಎಳೆಯದು. ಅಳೆಯುವ ಹೊತ್ತಿಗೇ ಬಂದೆನೆಂದು ಖುಷಿಯಾಯಿತು. ಬಾವಿಯ ಕಟ್ಟೆ ತೊಳೆದು ಅರಿಸಿನ ಕುಂಕುಮ ಹಚ್ಚಿದ್ದರು. ಆದರೆ ಕಟ್ಟೆಯ ಹತ್ತಿರ ಯಾರೂ ಇರಲಿಲ್ಲ. ಆಕೆ ಮನೆಯ ಜಗಲಿಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಟೇಪಿನ ಗಾಲಿ ಹಿಂದಿನ ಗೂಟಕ್ಕೆ ತೂಗುಹಾಕಿತ್ತು. ಅದಕ್ಕೂ ಒಂದು ಚೆಂಡುಹೂ ಸಿಕ್ಕಿಸಿದ್ದಳು.

"ಇವತ್ತು ಅಳದಾತೇನ?" ಅಂದೆ.

"ಇವತ್ತ? ಅಮಾಸಿ ಅಲ್ಲೇನ್ರೀ ಅಕ್ಕಾರ! ಅಮಾಸಿ ದಿನ ಬಾವಿಗಿ ಹಗ್ಗ ಬಿಡಂಗಿಲ್ಲ. ಗಂಗಮ್ಮ ಮಲಗಿರತಾಳ. ನೀರು ನಿನ್ನೇನೇ ತುಂಬಿಟ್ಟೀವಿ ಎಲ್ಲಾರು."

ಹೀಗೆನ್ನುತ್ತ ಆಕೆ ಫೋನ್ ತೆಗೆದು, ಬೆರಳಿನಿಂದ ಒಂದು ಅಂಕಿ ಒತ್ತಿ ಕಳಿಸಿದಳು. ನಾನು ನೋಡುತ್ತಲೇ ಇದ್ದೆ.

"ಏನ್ ಕಳಿಸಿದೆವ್ವ?"

"ನಿನ್ನಿದು. ಖಾಲಿ ಬಿಡಬಾರದು ಅಂತ ಕಲಿಸಿದಾಗ ಹೇಳ್ಯಾರಲ್ರಿ. ಒಂದು ದಿನಾನೂ ಖಾಲಿ ಬಿಟ್ಟಿಲ್ಲ ನಾನು."

ಆಕೆಯ ದನಿಯಲ್ಲಿ ಹೆಮ್ಮೆ ಇತ್ತು. ನನ್ನ ಕೈಯಲ್ಲಿದ್ದ ಕಾಗದಗಳು ಒಮ್ಮೆಲೆ ಭಾರವಾದವು. ನೀರು ನಿಂತಿರಲಿಲ್ಲ. ನೋಡುವವರು ನಿಂತಿದ್ದರು. ಆ ಪುಟ್ಟ ಮೆಟ್ಟಿಲು ಚಂದ್ರನದಲ್ಲ, ಗೂಟಕ್ಕೆ ತೂಗುಹಾಕಿದ ಗಾಲಿಯದು. ಆ ದಿನ ನಾನು ಏನೂ ಓದಲಿಲ್ಲ. ತಲೆನೋವೆಂದು ಹೇಳಿ, ಆಕೆ ಕೊಟ್ಟ ಮಜ್ಜಿಗೆ ಕುಡಿದು ಹಿಂದಿರುಗಿದೆ.

ಹೇಳಿದರೆ ಆಕೆಯ ಹೆಸರಿರುವ ಪ್ರಬಂಧವೇ ಸುಳ್ಳಾಗುತ್ತದೆ. ಯಾವ ಎದುರುಮನೆಯ ಮುಂದೆ ಹೆಸರು ಕೇಳಿಸಬೇಕೆಂದು ಆಕೆ ಕಾಯುತ್ತಿದ್ದಳೋ ಅದರ ಮುಂದೆಯೇ ನಗೆಪಾಟಲಾಗುತ್ತಾಳೆ. ಹೇಳದಿದ್ದರೆ ನಾನು ಸುಳ್ಳೆಂದು ಗೊತ್ತಿರುವುದನ್ನು ಒಳ್ಳೆಯ ಕನ್ನಡದಲ್ಲಿ ಊರಿಗೆಲ್ಲ ಓದಬೇಕು.

ನಮ್ಮವರು ಹೇಳಿದರು: "ನಿನಗ್ಯಾಕ? ಬರದದ್ದು ತರ್ಜುಮಿ ಮಾಡು. ಮಂದಿ ಹಾಕಿದ ತೂಕ ತೂಗಿ ನೋಡೋದು ನಿನ್ನ ಕೆಲಸೇನ?" ಲೆಕ್ಚರರ್ ಕೈಚೀಲದ ಹಿಡಿಕೆ ತಿರುವುತ್ತ, "ಸಭೆ ಒಂದು ಮುಗೀಲ್ರಿ ಅಮ್ಮ. ಶಾಲು ಹೊಚ್ಚಾಣ ಆಕಿಗಿ. ಆಮ್ಯಾಲ ಮೆಲ್ಲಕ ಹೇಳಾಣ," ಅಂದರು. ಇಬ್ಬರದೂ ಒಳ್ಳೆಯ ಮನಸ್ಸಿನ ಮಾತೇ. ಆದರೆ ಕೆಟ್ಟ ಪ್ರಯೋಗಕ್ಕೂ ಒಂದು ಇಡೀ ವರದಿ ಬರೆದ ಜನ ಅವರು. ಅವರ ಪ್ರಬಂಧಗಳನ್ನು ಇಷ್ಟು ದಿನ ಮೆಚ್ಚಿಕೊಂಡು ಓದಿ, ಕೊನೆಗೆ ಅವರಿಂದಲೇ ಒಂದು ಸಂಗತಿ ಮುಚ್ಚಿಟ್ಟರೆ ಆ ಮೆಚ್ಚಿಕೆಗೆ ಏನರ್ಥ? ಹೇಳಲೇಬೇಕು. ಆದರೆ ಪ್ಯಾರಿಸ್ಸಿಗೆ ಮೊದಲಲ್ಲ, ಆಕೆಗೆ ಮೊದಲು.

ಮತ್ತೆ ಹೋದೆ. ಆಕೆಯ ಅಂಗಳದಲ್ಲಿ ಕೂತು, ರಂಗೋಲಿ ಡಬ್ಬಿ ಕೇಳಿ ತೆಗೆದುಕೊಂಡೆ. ಒಂದೊಂದು ದಿನಕ್ಕೆ ಒಂದೊಂದು ಚುಕ್ಕಿ, ಕೆಳಕೆಳಗೆ ಇಳಿಯುವ ಹಾಗೆ ಇಟ್ಟೆ. ಅಮವಾಸ್ಯೆ ಬಂದಾಗ ಚುಕ್ಕಿಯನ್ನು ಹಿಂದಿನ ದಿನದ ಮಟ್ಟಕ್ಕೇ ಇಟ್ಟು, ಮರುದಿನದ್ದನ್ನು ಒಮ್ಮೆಲೆ ಕೆಳಗಿಟ್ಟೆ. ಆಮೇಲೆ ಎಲ್ಲ ಚುಕ್ಕಿಗಳನ್ನೂ ಗೆರೆಯಿಂದ ಕೂಡಿಸಿದೆ. ರಂಗೋಲಿ ಹಾಕುವ ಕಣ್ಣಿಗೆ ಸೊಟ್ಟ ಬಿದ್ದ ಜಾಗ ತಟ್ಟನೆ ಕಾಣುತ್ತದೆ.

"ಇದು ಸೊಟ್ಟ ಆಗೈತಿ," ಅಂದಳು.

"ಈ ಸೊಟ್ಟ ನೋಡೇ ಮೇಡಂ ಚಂದ್ರನ್ನ ನೆನಿಸ್ಯಾರ. ಇದು ಅಮಾಸಿ ದಿನ ನೀನು ನಿನ್ನಿದು ಕಳಿಸಿದ್ದು."

ಆಕೆ ಗೆರೆಯ ಹತ್ತಿರಕ್ಕೆ ಬಗ್ಗಿ ನೋಡಿದಳು. ಮೊದಲು ನಗು ಬಂತು. "ಅಯ್ಯ ನನ್ನವ್ವ! ಹಂಗಾರ ಪ್ಯಾರಿಸ್ಸಿನಾಗ ನಾನೇ ಚಂದ್ರ ಆಗೀನಾ?" ಆಮೇಲೆ ನಗು ನಿಂತಿತು. "ಹೆಸರು ತೆಗಿತಾರೇನ್ರಿ?"

"ಗೊತ್ತಿಲ್ಲವ್ವ. ತೆಗಿಯಂಗಿಲ್ಲ ಅಂತ ನಾನು ಹೆಂಗ ಹೇಳ್ಲಿ?"

ಎದುರುಮನೆಯ ಮುದುಕಿ ಜಗಲಿಯಿಂದ ಕತ್ತು ಚಾಚಿತು. "ಹಗಲೊತ್ತಿನಾಗ ಏನ್ ರಂಗೋಲಿ ಹಾಕ್ತೀರೇ?" ಆಕೆ ಅಂಗೈಯಿಂದ ಗೆರೆಯನ್ನು ಅಳಿಸಲು ಹೋದವಳು ನಿಲ್ಲಿಸಿದಳು. ಕೈ ಹಿಂದಕ್ಕೆ ತೆಗೆದುಕೊಂಡಳು.

"ಬರೀರಿ ಅಕ್ಕಾರ. ಆದ್ರ ನೀವು ಹಿಡಿದ್ರಿ ಅಂತ ಬರೀಬ್ಯಾಡ್ರಿ. ನಾನೇ ಹೇಳೀನಂತ ಬರೀರಿ. ಎಲ್ಲಾ ಅಮಾಸಿದೂ ಹಿಂಗೇ ಅಂತ. ಉಳದ ದಿನದ್ದು ಒಂದೂ ಸುಳ್ಳಲ್ಲ ಅಂತಾನೂ ಬರೀರಿ."

ಆ ಪತ್ರ ಬರೆಯುವುದು ನನಗೆ ಇಡೀ ಕಟ್ಟನ್ನು ತರ್ಜುಮೆ ಮಾಡುವುದಕ್ಕಿಂತ ಕಷ್ಟವಾಯಿತು. ಓದುವ ಫ್ರೆಂಚ್ ಬೇರೆ, ಬರೆಯುವ ಫ್ರೆಂಚ್ ಬೇರೆ. ಸಿಸ್ಟರ್ ಕಲಿಸಿದ ವಿನಯದ ಮಾತುಗಳನ್ನೆಲ್ಲ ತುಂಬಿಸಿದರೆ ಹೇಳಬೇಕಾದ್ದು ಮುಳುಗಿಹೋಗುತ್ತಿತ್ತು. ಕೊನೆಗೆ ಎಲ್ಲ ತೆಗೆದುಹಾಕಿ, ನಡೆದದ್ದನ್ನು ಒಂದಾದ ಮೇಲೊಂದು ಬರೆದೆ: ಆ ದಿನ ಬಾವಿಗೆ ಹಗ್ಗ ಬಿಡುವುದಿಲ್ಲ, ಖಾಲಿ ಬಿಡಬಾರದೆಂದು ಕಲಿಸಿದ್ದರಿಂದ ಹಿಂದಿನ ದಿನದ ಅಂಕಿ ಕಳಿಸಿದ್ದಾಳೆ, ಇದನ್ನು ಆಕೆಯೇ ಹೇಳಿದ್ದಾಳೆ. ಕಳಿಸಿದ ಮೇಲೆ ಹುಣಸೆಹಣ್ಣಿನ ತಟ್ಟೆ ಎಳೆದುಕೊಂಡು ಅತ್ತೆಯ ಪಕ್ಕದಲ್ಲಿ ಕೂತೆ. ಅತ್ತೆ ತಮ್ಮ ಪಾಲಿನ ಹಣ್ಣನ್ನೂ ನನ್ನ ಕಡೆ ಸರಿಸಿದರು.

ಉತ್ತರ ಬೇಗನೆ ಬಂತು, ಎರಡೇ ಸಾಲು. ನೋಡುತ್ತೇವೆ, ಸ್ವಲ್ಪ ಸಮಯ ಕೊಡಿ. ಅದರಲ್ಲಿ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ. ಆ ಸಮಯದಲ್ಲಿ ಅವರು ಮಾಡಿದ್ದೇನೆಂದು ನಂತರ ಗೊತ್ತಾಯಿತು. ಎಲ್ಲ ಅಮವಾಸ್ಯೆಗಳ ಅಂಕಿಯನ್ನೂ ಹಿಂದಿನ ದಿನದ ಜೊತೆ ಹೋಲಿಸಿದರು. ಮಳೆಗಾಲದಲ್ಲಿ, ನೀರು ಸರಸರ ಏರುವ ದಿನಗಳಲ್ಲೂ ಎರಡೂ ಒಂದೇ ಇದ್ದವು. ನಿಜವಾದ ನೀರು ಹಾಗೆ ಒಂದು ದಿನವೂ ಅಲುಗದೆ ಇರಲಾರದು. ಆ ದಿನಗಳನ್ನೆಲ್ಲ ತೆಗೆದುಹಾಕಿ ಲೆಕ್ಕವನ್ನು ಮೊದಲಿಂದ ಮಾಡಿದರು. ಚಂದ್ರ ಮಾಯವಾದ. ಮಳೆಯ ನೀರು ಕೆರೆಯಿಂದ ಆ ಬಾವಿಗೆ ಬರುವ ದಾರಿಯ ಬಗ್ಗೆ ಹಿಂದಿನ ವರದಿಗಳು ಹೇಳಿದ್ದು ಮಾತ್ರ ಹಾಗೇ ಉಳಿಯಿತು.

ಒಂದು ಮಧ್ಯಾಹ್ನ ಮೇಡಂ ವಿಡಿಯೋ ಕರೆ ಮಾಡಿದರು. ಬೆಳ್ಳಿಕೂದಲು, ಕಿವಿಯ ಹಿಂದೆ ಪೆನ್ಸಿಲ್. ಹಿಂದಿನ ಕಿಟಕಿಯಲ್ಲಿ ಒಂದು ಕುಂಡ, ಅದರ ಗಿಡ ಬಾಡಿತ್ತು. "ನನಗೆ ಆ ಚಂದ್ರ ಬಹಳ ಇಷ್ಟವಾಗಿದ್ದ," ಎಂದು ನಕ್ಕರು. "ಇಷ್ಟವಾದದ್ದರಿಂದಲೇ ಇನ್ನೊಮ್ಮೆ ಕೇಳಬೇಕಾಗಿತ್ತು. ಆ ದಿನ ನೀರು ಏನು ಮಾಡಿತು ಎಂದು ಕೇಳಿದೆ. ನೀವು ಏನು ಮಾಡಿದಿರಿ ಎಂದು ಆಕೆಯನ್ನು ಕೇಳಲಿಲ್ಲ."

ಹಳೆಯ ಪ್ರಬಂಧವನ್ನು ಅವರು ಅಳಿಸಲಿಲ್ಲ. ಸಂಸ್ಥೆಯ ಜಾಲತಾಣದಲ್ಲಿ ಅದು ಈಗಲೂ ಇದೆ, ತಲೆಯ ಮೇಲೆ ಒಂದು ಸೂಚನೆಯೊಂದಿಗೆ. ಪಕ್ಕದಲ್ಲೇ ತಿದ್ದುಪಡಿ ಇಟ್ಟರು. ಅದನ್ನು ಕನ್ನಡಕ್ಕೆ ತರುವಾಗ ಮಾತ್ರ ನಾನು ನನ್ನ ಪದ್ಧತಿ ಬಿಟ್ಟೆ. ಮೊದಲ ಓದಿಗೇ ಪೆನ್ಸಿಲ್ ಹಿಡಿದಿದ್ದೆ.

ಸಭೆ ಶಾಲೆಯ ವರಾಂಡದಲ್ಲಿ. ಮೇಡಂ ಹತ್ತಿಸೀರೆ ಉಟ್ಟು ಬಂದಿದ್ದರು. ನೆರಿಗೆ ಜಾರುತ್ತಿತ್ತು, ಯಾರೋ ಹೆಂಗಸು ಎದ್ದುಹೋಗಿ ಪಿನ್ ಹಾಕಿದಳು. ಬಾವಿ ನೋಡುವಾಕೆ ಕೊನೆಯ ಸಾಲಿನಲ್ಲಿ, ಕಂಬಕ್ಕೆ ಆತು ಕೂತಿದ್ದಳು. ಎದುರುಮನೆಯ ಮುದುಕಿ ಮೊದಲ ಸಾಲಿನಲ್ಲಿ.

ಮೊರಂ, ಸೀಳು, ಬಂಡೆ, ಕೆರೆಯ ನೀರಿನ ದಾರಿ ಎಲ್ಲ ಓದಿದೆ. ಆಮೇಲೆ ಚಂದ್ರನ ಕತೆ. ಜನ ನಕ್ಕರು. ಮುದುಕಿ ತಡೆಯಲಿಲ್ಲ. "ಅಂದ್ರ ತಪ್ಪು ಬರದಾಳ ಅಂದಂಗಾತು! ತಪ್ಪು ಬರದಾಕಿಗಿ ಶಾಲು ಹೊಚ್ಚತೀರೇನು?"

ಏನಂದರು ಎಂದು ಮೇಡಂ ನನ್ನ ಮುಖ ನೋಡಿದರು. ಮೆತ್ತಗೆ ಮಾಡದೆ ಇದ್ದದ್ದಿದ್ದ ಹಾಗೆ ಹೇಳಿದೆ. ಅವರು ಎದ್ದುನಿಂತು ಫ್ರೆಂಚಿನಲ್ಲೇ ಹೇಳಿದರು, ನಾನು ಒಂದೊಂದೇ ಮಾತು ಕನ್ನಡಕ್ಕೆ ಇಳಿಸಿದೆ. ತಪ್ಪು ನಮ್ಮದು. ಇವತ್ತು ಬಾವಿ ನೋಡಲಿಲ್ಲ ಎಂದು ಹೇಳಲು ನಾವು ಆಕೆಗೆ ಜಾಗವನ್ನೇ ಕೊಟ್ಟಿರಲಿಲ್ಲ. ನಾವು ತಪ್ಪಿದ್ದೇವೆಂದು ಆಕೆ ಹೇಳಿಕಳಿಸಿದಳು. ಹಾಗೆ ಹೇಳುವವರು ನಮ್ಮ ಸಂಸ್ಥೆಯ ಒಳಗೂ ಬಹಳ ಮಂದಿ ಇಲ್ಲ.

"ಅದೆಲ್ಲಾ ಇರಲಿ," ಅಂದಿತು ಮುದುಕಿ. "ಅಮಾಸಿ ದಿನ ಗಂಗಮ್ಮ ಮಲಗತಾಳ ಅಂದ್ರ ಈಯಮ್ಮ ಒಪ್ಯಾಳಾ?"

ನಾನು ಅದನ್ನೂ ಫ್ರೆಂಚಿಗೆ ತಂದಾಗ ಮೇಡಂ ಮುದುಕಿಯ ಕಡೆ ತಿರುಗಿದರು. "ಆಕೆ ಮಲಗುತ್ತಾಳೋ ಇಲ್ಲವೋ ಅಳೆಯಲು ನನಗೆ ಬರುವುದಿಲ್ಲ. ಆ ದಿನ ಯಾರೂ ಎಬ್ಬಿಸಲಿಲ್ಲ ಎಂದು ಬರೆಯಲು ಬರುತ್ತದೆ."

ಮುದುಕಿ ಎಲೆಅಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ತಳ್ಳಿ, "ಸರೇ," ಅಂದಿತು.

ಆಗ ನಾನು ತಿದ್ದುಪಡಿಯ ಕೊನೆಯ ಸಾಲು ಓದಿದೆ. "ಈ ತಪ್ಪನ್ನು ನಮಗೆ ತಿಳಿಸಿದವರು, ಉಳಿದೆಲ್ಲ ದಿನಗಳ ಅಳತೆಯನ್ನು ನಮಗೆ ಕೊಟ್ಟವರು" ಎಂದು ಬರೆದು ಮುಂದೆ ಆಕೆಯ ಹೆಸರು ಇತ್ತು. ಮನೆತನದ ಹೆಸರು ಮೊದಲು, ಆಕೆಯದು ಆಮೇಲೆ. ವರಾಂಡದಲ್ಲಿ ಎಲ್ಲರೂ ಕಂಬದ ಕಡೆ ತಿರುಗಿದರು. ಆಕೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಜನ ಕರಗಿದ ಮೇಲೆ ಗೋಡೆಗೆ ಅಂಟಿಸಿದ ಹೊಸ ನಕ್ಷೆಯ ಮುಂದೆ ಆಕೆ ಒಬ್ಬಳೇ ನಿಂತಿದ್ದಳು. ಹೆಗಲ ಮೇಲೆ ಮೇಡಂ ಹೊದಿಸಿದ ಶಾಲು. ಬಾವಿಯ ನೀರು ಒಂದೇ ಗೆರೆಯಾಗಿ ಏರಿ ಇಳಿದು ಹೋಗಿತ್ತು. ತಿಂಗಳಿಗೊಂದು ಕಡೆ ಮಾತ್ರ ಗೆರೆ ಕಡಿದು, ಬಿಳಿ ಕಾಗದ ಬಿಟ್ಟಿದ್ದರು. ನಾನು ಹತ್ತಿರ ಹೋದೆ. ಆಕೆ ತಿರುಗಲಿಲ್ಲ. ಬೆರಳನ್ನು ಒಂದು ಖಾಲಿ ಜಾಗದ ಮೇಲಿಟ್ಟಳು.

"ಇಲ್ಲಿ ನಾ ಮನ್ಯಾಗಿದ್ದೆ, ಅಕ್ಕಾರ," ಅಂದಳು. ಬೆರಳು ಗೆರೆಯ ಮೇಲೆ ಮೆಲ್ಲಗೆ ಸಾಗಿ ಮುಂದಿನ ಖಾಲಿ ಜಾಗಕ್ಕೆ ಬಂತು. "ಇಲ್ಲೂ ಮನ್ಯಾಗಿದ್ದೆ." ಮತ್ತೆ ಸಾಗಿತು.